ಕಾರಿನಲ್ಲಿ ದಾರಿ ತೋರಿಸಲು ಯಾವ ಸಾಧನ ಕೊಳ್ಳಬೇಕು?

ಸಕಲೇಶಪುರ ದಾಟಿ, ದೋಣಿಗಾಲ್ ಕಳೆದು, ಮಾರನಹಳ್ಳಿಯಿಂದ ಶಿರಾಡಿ ಘಾಟಿ ಇಳಿಯತೊಡಗಿದ ಮೇಲೆ ಮೊಬೈಲಿನ ನೆಟ್‌ವರ್ಕ್ ಕಡ್ಡಿಗಳು ಒಂದೊಂದಾಗಿ ಮಾಯವಾಗುವುದನ್ನು ಮಂಗಳೂರಿನ ಕಡೆಗೆ ಕಾರು ಓಡಿಸುವವರು ಕಂಡೇ ಇರುತ್ತಾರೆ. ಆ ಹೊತ್ತಿನಲ್ಲಿ ಪರದೆಯ ಮೇಲೆ ಏನು ನಡೆಯುತ್ತದೆ ಎಂಬುದನ್ನು ಗಮನಿಸಿದವರು ಮಾತ್ರ ಕಡಿಮೆ. ನಕ್ಷೆಯನ್ನು ಮೊದಲೇ ಇಳಿಸಿಕೊಂಡಿರದಿದ್ದರೆ ರಸ್ತೆ, ಹೊಳೆ, ಊರಿನ ಹೆಸರು ಎಲ್ಲವೂ ಅಳಿಸಿಹೋಗಿ ಬರಿಯ ಬೂದುಬಣ್ಣ ಉಳಿದಿರುತ್ತದೆ. ಆದರೆ ನಾವಿರುವ ಜಾಗವನ್ನು ತೋರಿಸುವ ನೀಲಿ ಚುಕ್ಕೆ ತಿರುವಿಗೆ ತಕ್ಕಂತೆ ಓರೆಯಾಗುತ್ತ ಆ ಖಾಲಿ ಜಾಗದ ಮೇಲೆ ಸರಿಯುತ್ತಲೇ ಇರುತ್ತದೆ. ‘ಜಿಪಿಎಸ್ ಕಟ್ ಆಯಿತು’ ಎಂದು ನಾವು ಗೊಣಗುವ ಆ ಗಳಿಗೆಯಲ್ಲಿ ಜಿಪಿಎಸ್ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿರುತ್ತದೆ. ದಾರಿ ತೋರಿಸುವ ಸಾಧನವನ್ನು ಆರಿಸುವವರು ಮೊದಲು ತಿಳಿಯಬೇಕಾದದ್ದು ಇದನ್ನೇ. ಉಪಗ್ರಹದ ಸಂಕೇತಕ್ಕೆ ಸಿಮ್ ಬೇಕಿಲ್ಲ, ಡೇಟಾ ಬೇಕಿಲ್ಲ, ತಿಂಗಳ ಬಾಡಿಗೆಯೂ ಇಲ್ಲ. ದಾರಿಯಲ್ಲಿ ಕೈಕೊಡುವುದು ಬಹುಮಟ್ಟಿಗೆ ನಕ್ಷೆ, ಬಿಸಿಲು ಮತ್ತು ಚಾರ್ಜಿಂಗ್. ಆದುದರಿಂದ ಸಾಧನವನ್ನು ಅಳೆಯುವಾಗ ಈ ಮೂರರ ಲೆಕ್ಕವೇ ಮೊದಲು ಬರಬೇಕು ಎಂಬುದು ನನ್ನ ಅಭಿಪ್ರಾಯ.

ಒಳಗಿನ ಕೆಲಸವನ್ನು ಸ್ವಲ್ಪ ತಿಳಿದುಕೊಂಡರೆ ಅಂಗಡಿಯಲ್ಲಿ ಮೋಸಹೋಗುವುದು ತಪ್ಪುತ್ತದೆ. ಜಿಪಿಎಸ್ ಎಂಬುದು ಅಮೆರಿಕದ ವ್ಯವಸ್ಥೆ. ಅದರ ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತ, ತಮ್ಮ ಪರಮಾಣು ಗಡಿಯಾರದ ಸಮಯವನ್ನು ರೇಡಿಯೊ ಅಲೆಗಳ ಮೂಲಕ ಸದಾ ಸಾರುತ್ತಿರುತ್ತವೆ. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ತಲುಪಲು ತೆಗೆದುಕೊಂಡ ಕಾಲವನ್ನು ಹೋಲಿಸಿ ಫೋನು ತನ್ನ ಜಾಗವನ್ನು ಲೆಕ್ಕಹಾಕುತ್ತದೆ. ಈ ಲೆಕ್ಕದಲ್ಲಿ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗ ತಪ್ಪಿದರೂ ದೂರದಲ್ಲಿ 300 ಮೀಟರಿನಷ್ಟು ವ್ಯತ್ಯಾಸ ಬರುತ್ತದೆ. ಉಪಗ್ರಹವು ತಾನೆಲ್ಲಿದ್ದೇನೆ ಎಂಬ ವಿವರವನ್ನು ಸೆಕೆಂಡಿಗೆ 50 ಬಿಟ್‌ಗಳಷ್ಟು ನಿಧಾನವಾಗಿ ಕಳಿಸುವುದರಿಂದ, ಒಂದು ಉಪಗ್ರಹದ ವಿವರವನ್ನು ಕೇಳಿಸಿಕೊಳ್ಳಲು ಅರ್ಧ ನಿಮಿಷ ಹಿಡಿಯುತ್ತದೆ. ಎಲ್ಲ ಉಪಗ್ರಹಗಳ ಒಟ್ಟು ಪಂಚಾಂಗವನ್ನು ಪಡೆಯಲು ಹನ್ನೆರಡೂವರೆ ನಿಮಿಷ ಬೇಕು. ನೆಟ್‌ವರ್ಕ್ ಇರುವಾಗ ಫೋನು ಈ ವಿವರವನ್ನು ಇಂಟರ್ನೆಟ್ಟಿನಿಂದ ಚಕ್ಕನೆ ತರಿಸಿಕೊಳ್ಳುವುದರಿಂದ ನಮಗೆ ಕಾಯುವ ಅನುಭವವೇ ಆಗುವುದಿಲ್ಲ. ತಿಂಗಳುಗಟ್ಟಲೆ ಡ್ರಾಯರಿನಲ್ಲಿ ಮಲಗಿದ್ದ ಫೋನನ್ನು ಘಾಟಿಯ ನಡುವೆ ಎಬ್ಬಿಸಿದರೆ ಅದು ನಿಮಿಷಗಟ್ಟಲೆ ತಡವರಿಸುವುದೂ ಇದೇ ಕಾರಣಕ್ಕೆ. ಅದು ಕೆಟ್ಟಿದೆ ಎಂದು ಬಗೆಯುವ ಬದಲು ಮನೆಯಂಗಳದಲ್ಲೇ ಸ್ವಲ್ಪ ಹೊತ್ತು ಆಕಾಶ ತೋರಿಸಿ ಹೊರಡುವುದು ಜಾಣತನ.

ಈಗ ಆಯ್ಕೆಗಳನ್ನು ನೋಡೋಣ. ಹದಿನೈದು ವರ್ಷಗಳ ಹಿಂದೆ ಗಾರ್ಮಿನ್, ಟಾಮ್‌ಟಾಮ್, ಮ್ಯಾಪ್‌ಮೈಇಂಡಿಯಾ ಹೆಸರಿನ ಪ್ರತ್ಯೇಕ ಜಿಪಿಎಸ್ ಪೆಟ್ಟಿಗೆಗಳನ್ನು ಗಾಜಿಗೆ ಅಂಟಿಸಿಕೊಂಡು ಓಡಾಡುವುದಿತ್ತು. ಅವುಗಳ ನಕ್ಷೆ ಒಳಗೇ ಇರುತ್ತಿದ್ದುದರಿಂದ ನೆಟ್‌ವರ್ಕಿನ ಹಂಗಿರಲಿಲ್ಲ, ಬಿಸಿಲನ್ನೂ ಫೋನಿಗಿಂತ ಚೆನ್ನಾಗಿ ತಾಳುತ್ತಿದ್ದವು. ಆದರೆ ಹೊಸ ಬೈಪಾಸ್, ಹೊಸ ಏಕಮುಖ ರಸ್ತೆಗಳು ಅವುಗಳೊಳಗೆ ಬರಬೇಕಾದರೆ ನಕ್ಷೆಯನ್ನು ಕಂಪ್ಯೂಟರಿಗೆ ಜೋಡಿಸಿಯೋ ಹಣ ತೆತ್ತೋ ನವೀಕರಿಸಬೇಕಿತ್ತು. ಟ್ರಾಫಿಕ್ಕಿನ ಸುದ್ದಿ ಅವುಗಳಲ್ಲಿ ಹೆಚ್ಚಿನವಕ್ಕೆ ತಿಳಿಯುತ್ತಿರಲಿಲ್ಲ. ಇಂದು ಯಾರಾದರೂ ಅಂಥ ಹಳೆಯ ಪೆಟ್ಟಿಗೆಯನ್ನು ಅಗ್ಗಕ್ಕೆ ಕೊಡುತ್ತೇನೆಂದರೆ, ಅದರ ನಕ್ಷೆ ಯಾವ ವರ್ಷದ್ದು, ಇನ್ನೂ ನವೀಕರಣ ಸಿಗುತ್ತದೆಯೇ ಎಂಬೆರಡು ಪ್ರಶ್ನೆಗಳಿಗೆ ಉತ್ತರ ಸಿಗುವವರೆಗೂ ಹಣ ಕೊಡಬಾರದು. ಚಾರಣಿಗರು ಬಳಸುವ ಇಟ್ರೆಕ್ಸ್‌ನಂಥ ಕೈಸಾಧನ ಬೇರೆಯೇ ಜಾತಿಯದು. ಎರಡು ಎಎ ಸೆಲ್ ಹಾಕಿದರೆ ಸುಮಾರು ಒಂದು ದಿನವಿಡೀ ನಡೆಯುತ್ತದೆ, ಉರಿಬಿಸಿಲಿನಲ್ಲಿ ಅದರ ಪರದೆ ಇನ್ನಷ್ಟು ಸ್ಪಷ್ಟವಾಗಿ ಕಾಣುತ್ತದೆ. ಆದರೆ ಆ ಪರದೆಯ ಅಳತೆ ಎರಡು ಇಂಚು ಚಿಲ್ಲರೆ. ‘ಬಲಕ್ಕೆ ತಿರುಗಿ’ ಎಂದು ಬಾಯಿಬಿಟ್ಟು ಹೇಳುವುದೂ ಇಲ್ಲ. ಕುಮಾರಪರ್ವತ ಹತ್ತಲು ಒಳ್ಳೆಯದು, ಸ್ಟಿಯರಿಂಗ್ ಹಿಡಿದವರಿಗೆ ಒಗ್ಗುವುದಿಲ್ಲ. ಒಂದು ಎಚ್ಚರಿಕೆಯ ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಉಪಗ್ರಹದ ಮೂಲಕ ಸಂದೇಶ ಕಳಿಸಬಲ್ಲ ಕೈಸಾಧನಗಳೂ ವಿದೇಶದ ಅಂಗಡಿಗಳಲ್ಲಿ ದೊರೆಯುತ್ತವೆ. ಅಮೆರಿಕದಿಂದ ಬರುವ ನೆಂಟರ ಕೈಯಲ್ಲಿ ಅಂಥದ್ದನ್ನು ತರಿಸಬೇಡಿ. ಸಂಕೇತವನ್ನು ಕೇಳಿಸಿಕೊಳ್ಳುವ ಸಾಧನಕ್ಕೆ ನಮ್ಮಲ್ಲಿ ಅಡ್ಡಿಯಿಲ್ಲ. ಉಪಗ್ರಹಕ್ಕೆ ಸಂದೇಶ ಕಳಿಸುವ ಸಾಧನಕ್ಕೆ ದೂರಸಂಪರ್ಕ ಇಲಾಖೆಯ ಅನುಮತಿ ಬೇಕು, ಅನುಮತಿಯಿಲ್ಲದೆ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದ ಪ್ರವಾಸಿಗರಿದ್ದಾರೆ.

ದೊಡ್ಡ ಪರದೆಯ ಆಸೆಗೆ ಟ್ಯಾಬ್ಲೆಟ್ ಕೊಳ್ಳುವವರು ಬೀಳುವ ಹಳ್ಳವೊಂದಿದೆ. ವೈಫೈ ಮಾತ್ರ ಇರುವ ಐಪ್ಯಾಡ್‌ಗಳಲ್ಲಿ ಉಪಗ್ರಹದ ಸಂಕೇತ ಹಿಡಿಯುವ ಜಿಪಿಎಸ್ ಗ್ರಾಹಕವೇ (ರಿಸೀವರ್) ಇರುವುದಿಲ್ಲ. ಸಿಮ್ ಹಾಕುವ ಮಾದರಿಯಲ್ಲಿ ಮಾತ್ರ ಅದು ಇರುತ್ತದೆ. ಅಗ್ಗದ ಆಂಡ್ರಾಯ್ಡ್ ಟ್ಯಾಬ್ಲೆಟ್‌ಗಳಲ್ಲಿಯೂ ಹಲವಕ್ಕೆ ಇದೇ ಕೊರತೆ. ಮನೆಯಲ್ಲಿ ಕೂತು ನಕ್ಷೆ ತೆರೆದರೆ ಅದು ಸುತ್ತಮುತ್ತಲಿನ ವೈಫೈಗಳನ್ನು ಮೂಸಿ ‘ನೀವು ಜಯನಗರದಲ್ಲಿದ್ದೀರಿ’ ಎಂದು ಸರಿಯಾಗಿಯೇ ಹೇಳುತ್ತದೆ, ನಾವು ನಂಬಿಬಿಡುತ್ತೇವೆ. ನೆಲಮಂಗಲ ದಾಟಿದ ಮೇಲೆ ಅದರ ಬಣ್ಣ ಬಯಲಾಗುತ್ತದೆ. ಗ್ರಾಹಕವಿರುವ ಟ್ಯಾಬ್ಲೆಟ್ ಕೊಂಡರೂ ಎಂಟು ಇಂಚಿಗಿಂತ ದೊಡ್ಡದು ಬೇಡ. ಡ್ಯಾಶ್‌ಬೋರ್ಡಿನ ಮೇಲೆ ನಿಲ್ಲಿಸಿದ ಹತ್ತು ಇಂಚಿನ ಹಲಗೆ ಎಡಗಡೆಯಿಂದ ಅಡ್ಡಬರುವ ಸ್ಕೂಟರನ್ನು ಮರೆಮಾಡುವಷ್ಟು ಅಗಲವಿರುತ್ತದೆ.

ಹೀಗಾಗಿ ಹೆಚ್ಚಿನವರಿಗೆ ಉಳಿಯುವುದು ಫೋನೇ. ದಿನಬಳಕೆಯ ಫೋನನ್ನೇ ಸ್ಟ್ಯಾಂಡಿಗೆ ಸಿಕ್ಕಿಸುವುದು ಒಂದು ದಾರಿ. ಎರಡು ಮೂರು ವರ್ಷ ಹಳೆಯದಾದ ಫೋನನ್ನು ಕಾರಿಗೆಂದೇ ಮೀಸಲಿಡುವುದು ಇನ್ನೊಂದು. ನಾನು ಎರಡನೆಯದರ ಪಕ್ಷಪಾತಿ. ಯಾರಾದರೂ ಕರೆ ಮಾಡಿದಾಗ ನಕ್ಷೆ ಮರೆಯಾಗುವುದಿಲ್ಲ. ಬಿಸಿಲಿಗೆ ಬೆಂದರೆ ಬೇಯುವುದು ಹಳೆಯ ಫೋನು. ನಡುದಾರಿಯಲ್ಲಿ ಅದು ಸತ್ತರೆ ಜೇಬಿನಲ್ಲಿ ಇನ್ನೊಂದು ಇದ್ದೇ ಇರುತ್ತದೆ. ಟ್ರಾಫಿಕ್ಕಿನ ಸುದ್ದಿ ಬೇಕಾದಾಗ ಜೇಬಿನ ಫೋನಿನಿಂದ ಹಾಟ್‌ಸ್ಪಾಟ್ ಕೊಟ್ಟರಾಯಿತು. ಆದರೆ ಹಳೆಯ ಫೋನಿನ ಬೆನ್ನು ಉಬ್ಬಿದ್ದರೆ, ಮೇಜಿನ ಮೇಲೆ ಅಂಗಾತ ಇಟ್ಟಾಗ ಬುಗುರಿಯಂತೆ ತಿರುಗಿದರೆ, ಬ್ಯಾಟರಿ ಊದಿಕೊಂಡಿದೆ ಎಂದರ್ಥ. ಅಂಥದ್ದನ್ನು ಕಾರಿನೊಳಗೆ ಇಡಲೇಬಾರದು.

ಕೊಳ್ಳುವ ಫೋನಿನಲ್ಲಿ ನೋಡಬೇಕಾದ ವಿವರಗಳಲ್ಲಿ ನಾನು ಹೆಚ್ಚು ಬೆಲೆ ಕೊಡುವುದು ಎರಡು ತರಂಗಾಂತರಗಳ ಗ್ರಾಹಕಕ್ಕೆ. ಬಹುಕಾಲ ನಾಗರಿಕರ ಜಿಪಿಎಸ್ ಎಲ್1 ಎಂಬ 1575.42 ಮೆಗಾಹರ್ಟ್ಸ್‌ನ ಸಂಕೇತವೊಂದನ್ನೇ ನಂಬಿತ್ತು. ಅದಕ್ಕೆ 1176.45 ಮೆಗಾಹರ್ಟ್ಸ್‌ನ ಎಲ್5 ಈಗ ಜೊತೆಯಾಗಿದೆ. 2018ರಲ್ಲಿ ಶಿಯೋಮಿಯ ಮಿ 8 ಇವೆರಡನ್ನೂ ಹಿಡಿಯುವ ಮೊದಲ ಫೋನಾಗಿ ಬಂದಿತು. ಎತ್ತರದ ಕಟ್ಟಡಗಳ ನಡುವೆ ಸಂಕೇತವು ನೇರವಾಗಿಯೂ ಗೋಡೆಗೆ ಬಡಿದು ಪ್ರತಿಧ್ವನಿಯಾಗಿಯೂ ಬರುತ್ತದೆ. ಎಲ್1ರ ಸಂಕೇತದ ಒಂದೊಂದು ತುಣುಕೂ ಸುಮಾರು 300 ಮೀಟರ್ ಉದ್ದವಾದರೆ ಎಲ್5ರದು 30 ಮೀಟರ್. ತುಣುಕು ಚಿಕ್ಕದಾದಷ್ಟೂ ಮೂಲದಿಂದ ಪ್ರತಿಧ್ವನಿಯನ್ನು ಬೇರ್ಪಡಿಸುವುದು ಫೋನಿಗೆ ಸುಲಭ. ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ ಒಂದು ಕಡೆ ಮೆಟ್ರೊ ಸೇತುವೆ, ಇನ್ನೊಂದು ಕಡೆ ಗಾಜಿನ ಕಟ್ಟಡಗಳು ಇರುವಲ್ಲಿ ಚುಕ್ಕೆ ಪಕ್ಕದ ಬೀದಿಗೆ ಜಿಗಿಯುತ್ತದೆಯೋ ಇಲ್ಲವೋ ಎಂಬುದರಲ್ಲಿ ಈ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ.

ಪೆಟ್ಟಿಗೆಯ ಮೇಲೆ ‘ನಾವಿಕ್’ ಎಂದು ಬರೆದಿರುವ ಫೋನುಗಳ ಬಗ್ಗೆ ಹಲವರು ಕೇಳುತ್ತಾರೆ. ಜಿಪಿಎಸ್ ಥರವೇ ಇಸ್ರೊ ಕಟ್ಟಿದ ಭಾರತದ ಈ ವ್ಯವಸ್ಥೆಗೆ 2016ರಲ್ಲಿ ಆ ಹೆಸರು ಬಂದಿತು. ಅದರ ನ್ಯಾವಿಗೇಷನ್ ಕೇಂದ್ರ ಬೆಂಗಳೂರಿನ ಬಳಿ ನಮ್ಮ ಬ್ಯಾಲಾಳಿನಲ್ಲಿದೆ. ಅಭಿಮಾನ ಸಹಜವೇ, ಆದರೆ ಅಭಿಮಾನದಿಂದ ಫೋನು ಆರಿಸಬೇಕಾಗಿಲ್ಲ. ಏಳು ಉಪಗ್ರಹಗಳ ಯೋಜನೆಯಲ್ಲಿ ಕೆಲವುಗಳ ಪರಮಾಣು ಗಡಿಯಾರಗಳು ಕೆಟ್ಟುಹೋದವು. 2023ರ ಮೇ 29ರಂದು ಹಾರಿದ ಎರಡನೆಯ ಪೀಳಿಗೆಯ ಉಪಗ್ರಹ ಎನ್‌ವಿಎಸ್-01 ಸರಿಯಾಗಿ ನೆಲೆಗೊಂಡಿತಾದರೂ, 2025ರ ಜನವರಿಯಲ್ಲಿ ಹಾರಿದ ಎನ್‌ವಿಎಸ್-02 ತನ್ನ ಕಕ್ಷೆಗೆ ಸೇರಲಿಲ್ಲ. ಹಾಗಿದ್ದರೂ ಆ ಬರಹಕ್ಕೆ ಒಂದು ಪ್ರಯೋಜನವಿದೆ. ಮೊದಲ ಪೀಳಿಗೆಯ ನಾವಿಕ್ ಉಪಗ್ರಹಗಳು ಫೋನುಗಳಿಗೆ ತಲುಪುವಂತೆ ಮಾತನಾಡುವುದು ಎಲ್5ರಲ್ಲೇ ಆದುದರಿಂದ, ಅವುಗಳನ್ನು ಹಿಡಿಯುವ ಫೋನಿನಲ್ಲಿ ಎಲ್5 ಇರಲೇಬೇಕು. ರಷ್ಯದ ಗ್ಲೊನಾಸ್, ಯುರೋಪಿನ ಗೆಲಿಲಿಯೊ, ಚೀನಾದ ಬೈಡೂ ಇವುಗಳನ್ನು ಈಗಿನ ಬಹುತೇಕ ಎಲ್ಲ ಫೋನುಗಳೂ ಹಿಡಿಯುತ್ತವೆ. ಅದನ್ನು ವಿಶೇಷವೆಂದು ಮಾರುವವರ ಮಾತಿಗೆ ಹೆಚ್ಚು ಕಿವಿಗೊಡಬೇಕಿಲ್ಲ.

ಫೋನು ಎಷ್ಟು ಹೊರಳಿತೆಂದು ಅಳೆಯುವ ಗೈರೊಸ್ಕೋಪು ನಿಜವಾಗಿಯೂ ಇದೆಯೇ ಎಂದೂ ನೋಡಬೇಕು. ಕಾರವಾರದ ಬಳಿ ರಾಷ್ಟ್ರೀಯ ಹೆದ್ದಾರಿ 66ರ ಸುರಂಗಗಳಂಥ ಕಡೆ ಉಪಗ್ರಹಗಳು ಮರೆಯಾದಾಗ, ಫೋನು ತನ್ನ ಚಲನೆಯ ಸಂವೇದಕಗಳಿಂದ ‘ಇಷ್ಟು ದೂರ ಬಂದಿರಬೇಕು, ಇಷ್ಟು ಹೊರಳಿರಬೇಕು’ ಎಂದು ಅಂದಾಜು ಮಾಡುತ್ತದೆ. ಅಗ್ಗದ ಕೆಲವು ಫೋನುಗಳಲ್ಲಿ ಗೈರೊಸ್ಕೋಪಿನ ಬದಲು ‘ವರ್ಚುವಲ್’ ಎಂಬ ಹೆಸರಿನಲ್ಲಿ ಬರಿಯ ಲೆಕ್ಕಾಚಾರವಿರುತ್ತದೆ. ದಿಕ್ಸೂಚಿ ಇಲ್ಲದ ಫೋನಾದರೆ ಕಾರು ನಿಂತಾಗ ಬಾಣದ ಗುರುತು ಯಾವ ಕಡೆಗೋ ಮುಖಮಾಡಿ, ಮೂರು ದಾರಿ ಕೂಡುವಲ್ಲಿ ನಮ್ಮನ್ನು ಗೊಂದಲಕ್ಕೆ ಕೆಡಹುತ್ತದೆ.

ಇವೆಲ್ಲವನ್ನೂ ಪರೀಕ್ಷಿಸಲು ಹತ್ತು ನಿಮಿಷ ಸಾಕು, ಆದರೆ ಅಂಗಡಿಯ ಒಳಗೆ ಸಾಧ್ಯವಿಲ್ಲ. ಕಳೆದ ವರ್ಷ ಸೆಕೆಂಡ್‌ಹ್ಯಾಂಡ್ ಫೋನೊಂದನ್ನು ನೋಡಲು ಹೋಗಿದ್ದಾಗ ಅಂಗಡಿಯವರು, “ಎಲ್ಲಾದ್ರಲ್ಲೂ ಜಿಪಿಎಸ್ ಇರತ್ತೆ ಸಾರ್, ನೋಡಿ, ನಮ್ಮ ಅಂಗಡೀನೇ ತೋರಿಸ್ತಿದೆ” ಎಂದು ನಕ್ಷೆ ತೆರೆದು ತೋರಿಸಿದರು. ಅವರ ಅನುಮತಿ ಪಡೆದು ನಾನು ಜಿಪಿಎಸ್‌ಟೆಸ್ಟ್ ಎಂಬ ಉಚಿತ ಆ್ಯಪನ್ನು ಹಾಕಿ, ವೈಫೈ ಮತ್ತು ಡೇಟಾ ಎರಡನ್ನೂ ಆರಿಸಿ, ಫೋನನ್ನು ಹಿಡಿದು ಫುಟ್‌ಪಾತಿಗೆ ಬಂದೆ; ಅಂಗಡಿಯ ಹುಡುಗನೊಬ್ಬ, ಫೋನು ಹಿಡಿದು ಓಡಿಬಿಟ್ಟೇನೆಂದೋ ಏನೋ, ಪಕ್ಕದಲ್ಲಿಯೇ ನಿಂತ. ಪರದೆಯಲ್ಲಿ ಒಂದೊಂದು ಉಪಗ್ರಹಕ್ಕೂ ಒಂದೊಂದು ಸಾಲು, ಪ್ರತಿ ಸಾಲಿನಲ್ಲೂ ಸಂಕೇತದ ಬಲವನ್ನು ಹೇಳುವ ಒಂದು ಅಂಕಿ. ತೆರೆದ ಆಕಾಶದ ಕೆಳಗೆ 30ಕ್ಕಿಂತ ಮೇಲಿನ ಅಂಕಿ ತೋರಿಸುವ ಉಪಗ್ರಹಗಳು ಎಂಟು ಹತ್ತಾದರೂ ಇರಬೇಕು, ಎಲ್5 ಎಂಬ ಗುರುತಿನ ಸಾಲುಗಳು ಕೆಲವಾದರೂ ಕಾಣಬೇಕು. ನನ್ನ ಕೈಯಲ್ಲಿದ್ದ ಫೋನು ಐದು ನಿಮಿಷ ಕಳೆದರೂ ಹದಿನೈದು ಇಪ್ಪತ್ತರ ಆಸುಪಾಸಿನಲ್ಲೇ ಒದ್ದಾಡುತ್ತಿತ್ತು. ಜೇಬಿನಲ್ಲಿದ್ದ ನನ್ನ ಫೋನನ್ನು ಪಕ್ಕಕ್ಕೆ ಹಿಡಿದಾಗ ಅದರಲ್ಲಿ ಮೂವತ್ತೆಂಟು, ನಲವತ್ತು ಎಂದಿತ್ತು. ಹಿಂಬದಿಯ ಮುಚ್ಚಳ ಬದಲಿಸಿದ ಫೋನು ಅದು. ಮುಚ್ಚಳ ಕೂರಿಸುವಾಗ ಆಂಟೆನಾದ ಸಂಪರ್ಕ ಸಡಿಲವಾಗಿದ್ದಿರಬಹುದು. ರಿಪೇರಿಯಾದ ಫೋನನ್ನು ಕೊಳ್ಳುವವರು ಈ ಪರೀಕ್ಷೆಯನ್ನು ಬಿಡಲೇಬಾರದು. ಕರೆ, ಕ್ಯಾಮೆರಾ, ಚಾರ್ಜಿಂಗ್ ಎಲ್ಲವೂ ಸರಿಯಿದ್ದು ಇದೊಂದೇ ಕೆಟ್ಟಿದ್ದರೆ ಬೇರೆ ಯಾವ ರೀತಿಯಲ್ಲೂ ಗೊತ್ತಾಗುವುದಿಲ್ಲ. ಅದೇ ಪರೀಕ್ಷೆಯನ್ನು ಕಾರಿನೊಳಗೂ ಒಮ್ಮೆ ಮಾಡಿ. ಶಾಖ ತಡೆಯಲು ಲೋಹದ ಲೇಪ ಕೊಟ್ಟ ಗಾಜು ಅಥವಾ ಫಿಲ್ಮ್ ಇರುವ ಕಾರುಗಳಲ್ಲಿ ಆ ಅಂಕಿಗಳು ಗಣನೀಯವಾಗಿ ಕುಸಿಯುತ್ತವೆ.

ಇನ್ನು ಬಿಸಿಲು. ನಮ್ಮ ದೇಶದಲ್ಲಿ ಕಾರಿನ ಸಾಧನದ ಮೊದಲ ಶತ್ರು ಇದೇ ಎಂದು ನಾನು ತಿಳಿದದ್ದು ಓದಿನಿಂದಲ್ಲ. ಒಂದು ಏಪ್ರಿಲಿನ ಮಧ್ಯಾಹ್ನ ಚನ್ನರಾಯಪಟ್ಟಣದ ಬಳಿ, ಗಾಜಿಗೆ ಅಂಟಿಸಿದ್ದ ನನ್ನ ಫೋನು ಮೊದಲು ಪರದೆಯ ಬೆಳಕನ್ನು ತಾನಾಗಿಯೇ ಇಳಿಸಿತು, ಬಳಿಕ ಚಾರ್ಜಿಂಗ್ ನಿಲ್ಲಿಸಿತು, ಕೊನೆಗೆ ಉಷ್ಣಮಾಪಕದ ಚಿತ್ರವೊಂದನ್ನು ತೋರಿಸಿ ಸುಮ್ಮನಾಯಿತು. ಕೈಗೆತ್ತಿಕೊಂಡರೆ ಕಾವಲಿಯಿಂದ ಇಳಿಸಿದ ರೊಟ್ಟಿಯ ಹಾಗೆ ಸುಡುತ್ತಿತ್ತು. ಆಪಲ್ ಕಂಪನಿಯು ಐಫೋನಿನ ಬಳಕೆಗೆ ಹೇಳುವ ಸುತ್ತಲಿನ ಉಷ್ಣತೆ 0ಯಿಂದ 35 ಡಿಗ್ರಿ ಸೆಲ್ಸಿಯಸ್. ಕಲಬುರಗಿ ರಾಯಚೂರುಗಳ ಬೇಸಿಗೆ ನೆರಳಿನಲ್ಲೇ ಅದನ್ನು ಮೀರುತ್ತದೆ, ಗಾಜಿನ ಹಿಂದಿನ ಮಾತು ಬಿಡಿ. ಪರದೆಯನ್ನು ಪೂರ್ಣ ಬೆಳಗಿಸಿ, ಜಿಪಿಎಸ್ ಓಡಿಸುತ್ತ, ಜೊತೆಗೆ ವೇಗದ ಚಾರ್ಜಿಂಗನ್ನೂ ಕೊಟ್ಟರೆ ಒಳಗಿನ ಬಿಸಿಯೂ ಹೊರಗಿನದರೊಂದಿಗೆ ಕೂಡುತ್ತದೆ. ಆದುದರಿಂದ ಗಾಜಿಗೆ ಅಂಟಿಸುವ ಸ್ಟ್ಯಾಂಡಿಗಿಂತ ಏಸಿಯ ಕಿಂಡಿಗೆ ಸಿಕ್ಕಿಸುವ ಸ್ಟ್ಯಾಂಡು ನಮ್ಮ ಹವೆಗೆ ಮೇಲು. ತಣ್ಣನೆಯ ಗಾಳಿ ಫೋನಿನ ಬೆನ್ನಿಗೇ ಬೀಸುತ್ತದೆ. ದಪ್ಪ ರಬ್ಬರಿನ ಕವರನ್ನು ಪ್ರಯಾಣದಲ್ಲಿ ತೆಗೆದಿಡಿ. ಊಟಕ್ಕೆ ನಿಲ್ಲಿಸಿದಾಗ ಫೋನನ್ನು ಕಾರಿನಲ್ಲಿ ಬಿಟ್ಟುಹೋಗಬೇಡಿ. ಪರದೆಯ ಗರಿಷ್ಠ ಬೆಳಕನ್ನು ನಿಟ್ಸ್‌ನಲ್ಲಿ ಬರೆದಿರುತ್ತಾರೆ, ಆದರೆ ಆ ಅಂಕಿ ಕೆಲವೇ ನಿಮಿಷ ತಾಳುವ ಬೆಳಕಿನದಾಗಿರುವುದುಂಟು. ಬಿಸಿಲಲ್ಲಿ ನಿಂತು ಕಣ್ಣಾರೆ ನೋಡುವುದೇ ಸರಿಯಾದ ಅಳತೆ. ಪೋಲರೈಸ್ಡ್ ತಂಪು ಕನ್ನಡಕ ಹಾಕುವವರು ಅದನ್ನು ಹಾಕಿಕೊಂಡೇ ಫೋನನ್ನು ಅಡ್ಡ, ಉದ್ದ ಎರಡೂ ಬಗೆಯಲ್ಲಿ ಹಿಡಿದು ನೋಡಬೇಕು. ಕೆಲವು ಪರದೆಗಳು ಒಂದು ಬಗೆಯಲ್ಲಿ ಪೂರ್ತಿ ಕಪ್ಪಾಗಿ ಕಾಣುತ್ತವೆ.

ಚಾರ್ಜಿಂಗ್ ವಿಷಯದಲ್ಲಿ ಒಂದೇ ಲೆಕ್ಕ ಸಾಕು. ಹಲವು ಕಾರುಗಳಲ್ಲಿ ಮ್ಯೂಸಿಕ್ ಸಿಸ್ಟಮ್ಮಿನ ಪಕ್ಕದಲ್ಲಿರುವ ಯುಎಸ್‌ಬಿ ಕಿಂಡಿ ಪೆನ್‌ಡ್ರೈವ್ ಸಿಕ್ಕಿಸಲೆಂದು ಕೊಟ್ಟದ್ದು. ಅದರಿಂದ 5 ವೋಲ್ಟಿನಲ್ಲಿ ಅರ್ಧ ಆಂಪಿಯರ್, ಅಂದರೆ ಎರಡೂವರೆ ವ್ಯಾಟ್ ಮಾತ್ರ ದೊರೆಯುತ್ತದೆ. ನಕ್ಷೆ ಓಡಿಸುತ್ತಿರುವ ಫೋನು ಅದಕ್ಕಿಂತ ಹೆಚ್ಚು ಉಣ್ಣುವುದರಿಂದ, ಚಾರ್ಜರ್ ಸಿಕ್ಕಿಸಿದ್ದೂ ಬ್ಯಾಟರಿ ಇಳಿಯುತ್ತಲೇ ಹೋಗುತ್ತದೆ. 12 ವೋಲ್ಟಿನ ಸಾಕೆಟ್ಟಿಗೆ ಹಾಕುವ, ಒಳ್ಳೆಯ ಕಂಪನಿಯ, ಹದಿನೆಂಟು ಇಪ್ಪತ್ತು ವ್ಯಾಟಿನ ಚಾರ್ಜರ್ ಮತ್ತು ಗಟ್ಟಿಯಾದ ಗಿಡ್ಡ ಕೇಬಲ್ ಕೊಳ್ಳಿ.

ಕಾನೂನಿನ ಮಾತನ್ನೂ ತಿಳಿದಿರಬೇಕು. 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಕೇಂದ್ರ ಮೋಟಾರು ವಾಹನ ನಿಯಮಗಳ ತಿದ್ದುಪಡಿಯು, ವಾಹನ ಚಲಾಯಿಸುವಾಗ ಕೈಯಲ್ಲಿ ಹಿಡಿಯುವ ಸಂಪರ್ಕ ಸಾಧನಗಳನ್ನು ದಾರಿ ನೋಡುವುದಕ್ಕೆ ಮಾತ್ರ, ಅದೂ ಚಾಲಕನ ಏಕಾಗ್ರತೆಗೆ ಭಂಗ ಬಾರದ ರೀತಿಯಲ್ಲಿ ಬಳಸಬಹುದೆಂದು ಹೇಳುತ್ತದೆ. ಆ ಮಿತಿ ಮೀರಿದರೆ ಮೋಟಾರು ವಾಹನ ಕಾಯಿದೆಯ 184ನೇ ಸೆಕ್ಷನ್ನಿನ ಪ್ರಕಾರ ಅದು ಅಪಾಯಕಾರಿ ಚಾಲನೆಯಾಗಿ, ಮೊದಲ ತಪ್ಪಿಗೇ 1,000ದಿಂದ 5,000 ರೂಪಾಯಿಯವರೆಗೆ ದಂಡ ಅಥವಾ ಸೆರೆವಾಸ, ಇಲ್ಲವೇ ಎರಡೂ ಆಗಬಹುದು. ಹಾಗಾಗಿ ಸಾಧನದಷ್ಟೇ ಸ್ಟ್ಯಾಂಡೂ ಮುಖ್ಯ. ತೊಡೆಯ ಮೇಲಿಟ್ಟ ಫೋನನ್ನು ಬಗ್ಗಿ ನೋಡುವುದು ಎಷ್ಟು ಅಪಾಯವೋ, ಎಡಬದಿಯ ಏರ್‌ಬ್ಯಾಗಿನ ಮುಚ್ಚಳದ ಮೇಲೆ ಸ್ಟ್ಯಾಂಡು ಅಂಟಿಸುವುದೂ ಅಷ್ಟೇ ಅಪಾಯ. ಏರ್‌ಬ್ಯಾಗು ಸಿಡಿದಾಗ ಆ ಸ್ಟ್ಯಾಂಡು ಕಲ್ಲಿನಂತೆ ಮುಖಕ್ಕೆ ಬಡಿಯುತ್ತದೆ.

ಸಾಧನ ಮನೆಗೆ ಬಂದ ಮೇಲೆ ನಕ್ಷೆಯ ಕೆಲಸ. ಗೂಗಲ್ ಮ್ಯಾಪ್ಸ್‌ನಲ್ಲಿ ಹೋಗುವ ಪ್ರದೇಶವನ್ನು ವೈಫೈ ಇರುವಾಗಲೇ ಇಳಿಸಿಟ್ಟರೆ ಘಾಟಿಯಲ್ಲೂ ದಾರಿ ಸಿಗುತ್ತದೆ. ಟ್ರಾಫಿಕ್ ಮಾತ್ರ ಕಾಣುವುದಿಲ್ಲ, ಆಗಾಗ ನವೀಕರಿಸದಿದ್ದರೆ ಇಳಿಸಿದ್ದರ ಅವಧಿ ಮುಗಿಯುತ್ತದೆ. 2018ರಿಂದ ಅದು ಕನ್ನಡದಲ್ಲೂ ದಾರಿ ಹೇಳುತ್ತದೆ. ಮನೆಯ ಹಿರಿಯರು ಪಕ್ಕದ ಸೀಟಿನಲ್ಲಿದ್ದರೆ ಇದರಿಂದ ಎಷ್ಟು ಅನುಕೂಲವೆಂದು ಬಳಸಿ ನೋಡಿದವರಿಗೇ ಗೊತ್ತು. ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ, ಜನರೇ ಸೇರಿ ಕಟ್ಟಿದ ನಕ್ಷೆಯನ್ನು ಆಧರಿಸಿದ ಆರ್ಗ್ಯಾನಿಕ್ ಮ್ಯಾಪ್ಸ್ ಆ್ಯಪ್ ಪೂರ್ತಿಯಾಗಿ ಆಫ್‌ಲೈನ್ ನಡೆಯುತ್ತದೆ, ಹಳೆಯ ಫೋನಿನಲ್ಲೂ ಹಗುರವಾಗಿ ಓಡುತ್ತದೆ. ಅಂಗಡಿ ಮುಂಗಟ್ಟುಗಳ ವಿವರ ಅದರಲ್ಲಿ ಕಡಿಮೆ. ಎರಡನ್ನೂ ಇಟ್ಟುಕೊಳ್ಳುವುದು ಒಳ್ಳೆಯದು, ಏಕೆಂದರೆ ಇಬ್ಬರೂ ಒಂದೇ ದಾರಿ ಹೇಳದಿದ್ದಾಗ ಕಾರು ನಿಲ್ಲಿಸಿ ಯೋಚಿಸುವ ಬುದ್ಧಿ ನಮಗೆ ಬರುತ್ತದೆ. 2024ರ ನವೆಂಬರಿನಲ್ಲಿ ಉತ್ತರ ಪ್ರದೇಶದ ಬರೇಲಿಯ ಸಮೀಪ, ರಾಮಗಂಗಾ ನದಿಯ ಅರ್ಧ ಕಡಿದ ಸೇತುವೆಯಿಂದ ಕಾರು ಬಿದ್ದು ಮೂವರು ತೀರಿಕೊಂಡಾಗ ಅವರು ನಕ್ಷೆ ನೋಡಿಕೊಂಡೇ ಹೊರಟಿದ್ದರೆಂದು ವರದಿಯಾಗಿತ್ತು. ಮಳೆಗಾಲದಲ್ಲಿ ಚಾರ್ಮಾಡಿಯಲ್ಲೋ ಆಗುಂಬೆಯಲ್ಲೋ ಗುಡ್ಡ ಜರಿದು ಸಂಚಾರ ನಿಂತಿರುವ ಸುದ್ದಿ ನಕ್ಷೆಗೆ ತಲುಪುವ ಮೊದಲು ಕೊಟ್ಟಿಗೆಹಾರದ ಹೋಟೆಲಿನವರಿಗೆ ತಲುಪಿರುತ್ತದೆ. ನೀರುದೋಸೆ ತಿನ್ನುವಾಗ ಅವರನ್ನೇ ಕೇಳಿ.

ಎಲ್ಲ ಜೋಡಿಸಿದ ಮೇಲೆ ನೇರವಾಗಿ ದೂರದ ಪ್ರಯಾಣಕ್ಕೆ ಹೊರಡಬೇಡಿ. ಕಣ್ಣುಮುಚ್ಚಿ ಹೋಗಬಲ್ಲ ದಾರಿಯಲ್ಲಿ, ಮನೆಯಿಂದ ಕಚೇರಿಗೋ ಮಗಳ ಶಾಲೆಗೋ, ಒಂದು ವಾರ ಅದನ್ನು ಓಡಿಸಿ, ಪರದೆ ನೋಡದೆ ಧ್ವನಿಯನ್ನು ಮಾತ್ರ ಕೇಳಿಸಿಕೊಳ್ಳಿ. ತಿರುವು ಇನ್ನೂರು ಮೀಟರ್ ಇರುವಾಗಲೇ ಹೇಳುತ್ತಿದೆಯೇ, ಮೇಲ್ಸೇತುವೆಯ ಮೇಲಿದ್ದೀರೋ ಕೆಳಗಿದ್ದೀರೋ ಎಂಬುದರಲ್ಲಿ ತಪ್ಪುತ್ತಿದೆಯೇ, ತಪ್ಪಿದರೆ ಎಷ್ಟು ಬೇಗ ಸರಿಪಡಿಸಿಕೊಳ್ಳುತ್ತಿದೆ ಎಂದು ಗಮನಿಸಿ. ತಿರುವು ದಾಟಿದ ಮೇಲೆ ‘ಎಡಕ್ಕೆ ತಿರುಗಿ’ ಎನ್ನುವ ಸಾಧನವಾದರೆ, ವಾಪಸು ಕೊಡುವ ಗಡುವು ಮುಗಿಯುವ ಮುನ್ನ ಬಿಲ್ಲನ್ನು ಹುಡುಕಿ ತೆಗೆದಿಟ್ಟುಕೊಳ್ಳಿ.